ಮೂರನೇ ಬೋರ್ ಹಾಕಿಸಬೇಕೋ, ಒಡ್ಡು ಹಾಕಿಸಬೇಕೋ? ಒಣಬೇಸಾಯ ಮಾಡೋರು ಹೇಳ್ರಿ

ಎರಿಹೊಲ_ಯಲಬುರ್ಗಾ
ಎಲ್ಲಾರಿಗೂ ನಮಸ್ಕಾರ. ನಮ್ಮದು ಯಲಬುರ್ಗಾ ತಾಲ್ಲೂಕು. ಏಳು ಎಕರೆ ಹೊಲ, ಅದರಾಗ ನಾಲ್ಕು ಎಕರೆ ಎರಿ (ಕರಿ ಮಣ್ಣು), ಮೂರು ಎಕರೆ ಮಸಾರಿ (ಕೆಂಪು ಮಣ್ಣು). ಕಾಲುವಿ ಇಲ್ಲ, ಹಳ್ಳದ ನೀರಿಲ್ಲ, ಮಳಿ ಆದ್ರ ಬೆಳಿ. ಅಪ್ಪ ಇದ್ದಾಗ ಮುಂಗಾರಿಗೆ ಮಸಾರ್ಯಾಗ ಸಜ್ಜಿ, ಹೆಸರು. ಹಿಂಗಾರಿಗೆ ಎರ್ಯಾಗ ಬಿಳಿಜೋಳ, ಕಡ್ಲಿ. ರೊಕ್ಕ ಕೈಯಾಗ ಆಡ್ತಿತ್ತು ಅಂತ ಹೇಳಾಂಗಿಲ್ಲ, ಆದ್ರ ಮನಿ ಮಂದಿಗೆ ಜೋಳ, ದನಕ್ಕ ಕಣಕಿ ಕಡಿಮಿ ಬಿದ್ದಿರ್ಲಿಲ್ಲ.

ಈಗ ಮಳಿ ಲೆಕ್ಕಾನ ತಪ್ಪೈತಿ. ಮಿರಗ (ಮೃಗಶಿರಾ ಮಳಿ) ಬಂತು ಅಂತ ಬಿತ್ತಿದ್ರ ಆರಿದ್ರಾ, ಪುನರ್ವಸು ಎರಡೂ ಗಾಳಿ ಬೀಸಿ ಹೊಕ್ಕಾವು. ಬ್ಯಾಡಾದಾಗ ಒಂದ ರಾತ್ರ್ಯಾಗ ತಿಂಗಳ ಮಳಿ ಸುರೀತೈತಿ. 2023ರಾಗ ರಾಜ್ಯದ 223 ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆತಲ್ಲ, ಆ ವರ್ಷ ನಮ್ಮ ಸಜ್ಜಿ ಮೊಣಕಾಲುದ್ದ ಬಂದು ನಿಂತಲ್ಲೇ ಒಣಗಿತು. ಅದರ ಮುಂದಿನ ಹಿಂಗಾರಿಗೆ ಕಡ್ಲಿ ಹೂವಾಡೂ ಹೊತ್ತಿಗೆ ಮೋಡ ಮುಚ್ಚಿ ಕೀಡಿ ಬಿತ್ತು.

ಬೋರ್ ಎರಡು ಹಾಕ್ಸೀವಿ. ಮೊದಲನೇದು 420 ಅಡಿ, ಎರಡಿಂಚು ನೀರು ಬಂತು, ಒಂದು ವರ್ಷ ಎರಡು ತಿಂಗಳಿಗೆ ನಿಂತೋತು. ಎರಡನೇದರಾಗ ಬರೇ ಬಿಳಿ ಹುಡಿ ಬಂತು. ಈಗ ತಮ್ಮ 700 ಅಡಿ ಹೊಡ್ಸೂಣು ಅಂತಾನ, ಕೈಗಡ ಎರಡು ಲಕ್ಷ ಮಾತಾಡಿ ಬಂದಾನ. ಅವ್ವ ಬ್ಯಾಡ ಅಂತಾಳ. "ನಿಮ್ಮ ಮುತ್ಯಾ ಹಾಕಿದ ಒಡ್ಡು ಒಡದು ಇಪ್ಪತ್ತು ವರ್ಷ ಆತು, ಅದನ್ನ ಒಬ್ಬರೂ ಕಟ್ಟಿಲ್ಲ, ನೆಲದಾಗಿನ ನೀರು ಹುಡುಕಾಕ ಹೊಂಟೀರಿ" ಅಂತ ದಿನಾ ಅಂತಾಳ. ತಮ್ಮನ ಮಾತೂ ಸುಳ್ಳಲ್ಲ, ಅವನಿಗೆ ಎರಡು ಸಣ್ಣ ಮಕ್ಕಳು ಅದಾವ, ಒಣ ಹೊಲ ನಂಬ್ಕೊಂಡು ಎಷ್ಟು ದಿನ ಕೂಡ್ತಾನ? ತಿಳಿದೋರು, ಕೈಲೆ ಮಾಡಿ ನೋಡಿದೋರು ಹೇಳ್ರಿ. ಮಳಿ ಸುರು ಆಗೋದ್ರಾಗ ತೀರ್ಮಾನ ಮಾಡ್ಬೇಕು.

ದಾಳಿಂಬ್ರಿ_ಕುಷ್ಟಗಿ
ಅಣ್ಣಾರ, ಬೋರ್ ಬ್ಯಾಡ್ರಿ. ನಮ್ಮ ಮನ್ಯಾಗ ಐದು ಬೋರ್ ಅದಾವ, ಚಾಲೂ ಇರೋದು ಒಂದು. ಈ ಕಡೆ ಕೆಳಗ ಕರಿಕಲ್ಲು, ಬಂಡಿ ಸೀಳಿದಲ್ಲಿ ಅಷ್ಟ ನೀರು. ಸೀಳು ಸಿಕ್ಕರ ಪುಣ್ಯ, ಸಿಗಲಿಲ್ಲ ಅಂದ್ರ 700 ಅಡಿ ಹೋದ್ರೂ ಅಷ್ಟ, ಸಾವಿರ ಹೋದ್ರೂ ಅಷ್ಟ. ಆಳದಾಗ ಸಿಕ್ಕ ನೀರು ಫ್ಲೋರೈಡ್ ಇರೋ ನೀರು, ನಮ್ಮ ಊರಾಗ ಅದನ್ನ ಕುಡದ ಮಕ್ಕಳ ಹಲ್ಲು ನೋಡ್ರಿ ಗೊತ್ತಾಗ್ತೈತಿ.

ನಾವು ದಾಳಿಂಬ್ರಿ ನಂಬಿ ಬೋರ್ ಹಾಕಿದೋರು. ಡ್ರಿಪ್ ಇತ್ತು, ಗಿಡಕ್ಕ ದಿನಾ ಲೆಕ್ಕ ಹಾಕಿ ನೀರು ಕೊಡ್ತಿದ್ವಿ. ಆದ್ರ ಮೋಡದ ವಾತಾವರಣ, ಅಕಾಲ ಮಳಿ ಬಂದು ದುಂಡಾಣು ಅಂಗಮಾರಿ ಬಿದ್ದಾಗ ನೀರಿದ್ದು ಏನು ಮಾಡೋದು? ಕಾಯಿ ಮ್ಯಾಲೆ ಕರಿ ಚುಕ್ಕಿ ಬಿದ್ದು ಸೀಳಿ, ಗಿಡದ ಬುಡಕ್ಕ ಉದುರಿ ಬಿದ್ದಿದ್ದನ್ನ ಬುಟ್ಟಿಲೆ ಆರಿಸಿ ಸುಟ್ಟೀನಿ. ಮೂರು ಎಕರೆ ಗಿಡ ಕಿತ್ತು ಹಾಕಿದ ದಿನ ನಮ್ಮಪ್ಪ ಊಟ ಮಾಡ್ಲಿಲ್ಲ. ಸಾಲ ಇನ್ನೂ ತೀರಿಲ್ಲ.

ನೀರು ಒಂದೇ ಕಷ್ಟ ಅಂತ ತಿಳ್ಕೋಬ್ಯಾಡ್ರಿ.

ಗಂಗಾವತಿ_ಹುಡುಗ
ನಾನು ಸ್ವಲ್ಪ ಬ್ಯಾರೆ ಹೇಳ್ತೀನಿ. ಬೋರ್ ಅಂದ ತಕ್ಷಣ ಬ್ಯಾಡ ಅನ್ನೋದು ಸರಿ ಅಲ್ಲ. ನಿಂತ ಹಳೇ ಬೋರಿಗೆ ಸುತ್ತ ಗುಂಡಿ ತೋಡಿ, ಕಲ್ಲು, ಜಲ್ಲಿ, ಮರಳು ತುಂಬಿ ಮಳಿ ನೀರು ಇಳಿಸಿದ್ರ ಕೆಲವು ಬೋರ್ ಮತ್ತ ಬಾಯಿ ಬಿಡ್ತಾವು. ನಮ್ಮ ಮಾವನೋರ ಹೊಲದಾಗ ಎರಡು ಮಳಿಗಾಲ ಆದಮ್ಯಾಲೆ ದಿನಕ್ಕ ಒಂದು ತಾಸು ನೀರು ಬರಾಕತ್ತೈತಿ. ಹೊಸಾದು ಹಾಕ್ಸೋಕಿಂತ ಮೊದಲು 420 ಅಡಿದಕ್ಕ ಅದನ್ನ ಮಾಡ್ರಿ.

ಕೃಷಿ_ರಾಯಚೂರು
ಯಲಬುರ್ಗಾ ಅಣ್ಣನವರೇ, ನಾನು ರಾಯಚೂರಿನಲ್ಲಿ ಕೃಷಿ ಓದಿದವನು, ಮನೆಯಲ್ಲೂ ಬೇಸಾಯವಿದೆ. ಮೊದಲು ಒಂದು ಲೆಕ್ಕ ನೋಡಿ. ಒಂದು ಎಕರೆಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಅದು ಎರಡು ಲಕ್ಷ ಲೀಟರ್ ನೀರು. ನಿಮ್ಮ ಏಳು ಎಕರೆಗೆ 14 ಲಕ್ಷ ಲೀಟರ್, ಅಂದರೆ 5,000 ಲೀಟರಿನ 280 ಟ್ಯಾಂಕರ್. ಅಂಥ ಮಳೆ ಆಗಾಗ ಬರುತ್ತದೆ. ಮೊದಲು ಹದಿನೈದು ದಿನ ಹನಿ ಹನಿಯಾಗಿ ಬರುತ್ತಿದ್ದುದು ಈಗ ಎರಡು ತಾಸಿನಲ್ಲಿ ಬರುತ್ತಿದೆ. ನಿಧಾನವಾಗಿ ಬಂದದ್ದನ್ನು ನೆಲ ತಾನೇ ಕುಡಿಯುತ್ತಿತ್ತು. ಜೋರಾಗಿ ಬಂದದ್ದನ್ನು ನಾವು ತಡೆದು ನಿಲ್ಲಿಸಬೇಕು. ನಿಮ್ಮ ಅವ್ವ ಹೇಳಿದ್ದು ಇದನ್ನೇ.

ಎರೆಗೂ ಮಸಾರಿಗೂ ಒಂದೇ ಮದ್ದು ನಡೆಯುವುದಿಲ್ಲ. ಎರೆಯಲ್ಲಿ ಹಿಂಗಾರಿ ಮಾಡುವುದಾದರೆ ಜುಲೈ ಹೊತ್ತಿಗೆ ಚೌಕು ಮಡಿ ಹಾಕಿ, ಅಂದರೆ ಸಣ್ಣ ಬದು ಎಬ್ಬಿಸಿ ಹೊಲವನ್ನು ಚೌಕ ಚೌಕ ಮಾಡಿ. ಬದು ಎಬ್ಬಿಸುವ ಬಂಡ್ ಫಾರ್ಮರ್ ಬಾಡಿಗೆಗೆ ಸಿಗುತ್ತದೆ, ಎತ್ತಿಗೂ ಕಟ್ಟಬಹುದು. ಇಳಿಜಾರು ಹೆಚ್ಚಿದ್ದಲ್ಲಿ ಮಡಿ ಚಿಕ್ಕದಿರಲಿ, ಸಮ ಇದ್ದಲ್ಲಿ ದೊಡ್ಡದಾದರೂ ನಡೆಯುತ್ತದೆ. ಉತ್ತರಿ ಮಳೆಯವರೆಗೆ ಬಿದ್ದ ನೀರೆಲ್ಲ ಬಿದ್ದಲ್ಲೇ ಇಂಗುತ್ತದೆ. ಬಿತ್ತುವ ಮುಂದೆ ಕುಂಟೆ ಹೊಡೆದು ಮಡಿ ಮುರಿದರಾಯಿತು. ವಿಜಯಪುರದ ಒಣಬೇಸಾಯ ಸಂಶೋಧನಾ ಕೇಂದ್ರ ಹಿಂಗಾರಿ ಜೋಳಕ್ಕೆ ಹೇಳುತ್ತ ಬಂದ ಪದ್ಧತಿ ಇದು.

ಒಡ್ಡು ಹಾಕಿಸುವಾಗ ಕೋಡಿ (ಹೆಚ್ಚಾದ ನೀರು ಹೊರಹೋಗುವ ದಾರಿ) ಮರೆಯಬೇಡಿ. ಎರೆಯಲ್ಲಿ ಒಡ್ಡು ಹೆಚ್ಚಾಗಿ ಒಡೆಯುವುದು ಕೋಡಿ ಇಲ್ಲದ್ದಕ್ಕೆ, ಇದ್ದರೂ ಎತ್ತರ ಹೆಚ್ಚಾದದ್ದಕ್ಕೆ. ಕೋಡಿ ಒಂದು ಅಡಿ ಸಾಕು, ಅದಕ್ಕಿಂತ ಮೇಲೆ ನೀರು ನಿಂತರೆ ಒಡ್ಡಿನ ಮಗ್ಗುಲಿನ ಬೆಳೆ ಹಳದಿಯಾಗಿ ಕೊಳೆಯುತ್ತದೆ. ಕೋಡಿಗೆ ಕಲ್ಲು ಕಟ್ಟಿ, ನೀರು ಬೀಳುವ ಜಾಗಕ್ಕೂ ಕಲ್ಲು ಹಾಸಿ.

ಕೃಷಿ ಹೊಂಡ ಎರೆಯ ಕೆಳಮೂಲೆಯಲ್ಲಿ ತೆಗೆಸಿ. 21 ಮೀಟರ್ ಉದ್ದ, 21 ಅಗಲ, 3 ಆಳದ ಹೊಂಡದಲ್ಲಿ ಇಳಿಜಾರು ಕಳೆದು ಒಂಬತ್ತೂವರೆ ಲಕ್ಷ ಲೀಟರ್ ಮೇಲೆ ನಿಲ್ಲುತ್ತದೆ. ಎಕರೆಗೆ ಒಂದಿಂಚು ನೀರು ಎಂದರೆ ಒಂದು ಲಕ್ಷ ಲೀಟರ್. ಕಡಲೆಗೆ ಹೂವಿನ ಮುಂಚೆ ಸ್ಪ್ರಿಂಕ್ಲರಿನಲ್ಲಿ ಎರಡಿಂಚು ಕೊಟ್ಟರೆ, ಆವಿಯಾಗಿ ಹೋದದ್ದನ್ನು ಬಿಟ್ಟು, ಮೂರು ಎಕರೆ ಬೆಳೆ ಉಳಿಯುತ್ತದೆ. ಕೃಷಿ ಭಾಗ್ಯ ಯೋಜನೆ 2014ರಲ್ಲಿ ಶುರುವಾದದ್ದೇ ಇದಕ್ಕೆ. ಒಣಗಿ ಸಾಯುವ ಬೆಳೆಗೆ ಒಂದು ಸಲ ನೀರು ಕೊಟ್ಟು ಬದುಕಿಸುವುದು ಹೊಂಡದ ಕೆಲಸ. ಹೊಂಡ ನಂಬಿ ಕಬ್ಬು, ಭತ್ತ ಹಚ್ಚಿದರೆ ಎರಡೂ ಹೋಗುತ್ತವೆ. ಮಸಾರಿಯಲ್ಲಾದರೆ ಪಾಲಿಥಿನ್ ಹಾಳೆ ಬೇಕೇ ಬೇಕು. ಇನ್ನೊಂದು, ಸುತ್ತ ತಂತಿಬೇಲಿ ಹಾಕದೆ ಒಂದು ದಿನವೂ ಬಿಡಬೇಡಿ. ನಿಮ್ಮ ತಮ್ಮನ ಮಕ್ಕಳು ಚಿಕ್ಕವರು ಎಂದಿರಿ. ಹೊಂಡದಲ್ಲಿ ಮಕ್ಕಳು ಹೋದ ಸುದ್ದಿ ನಾವು ಎಷ್ಟೋ ಕೇಳಿದ್ದೇವೆ.

ಮೈಲ್104_ಮಾನ್ವಿ
ಒಣಹೊಲದೋರು ನಮ್ಮನ್ನ ನೋಡಿ ಕಾಲುವಿ ಇದ್ದೋರು ಅಂತೀರಿ. ನಾವು ತುಂಗಭದ್ರಾ ಎಡದಂಡಿ ಕಾಲುವಿ ಕೊನೆಯೋರು. 227 ಕಿ.ಮೀ. ಕಾಲುವಿ ಅದು. ಮೈಲ್ 104ರಾಗ ಗೇಜ್ (ನೀರಿನ ಮಟ್ಟ) ಎಷ್ಟದ ಅಂತ ಫೋನ್ ಹಚ್ಚಿ ಕೇಳೋದೇ ನಮ್ಮ ಬೇಸಾಯ ಆಗ್ಯದ. ಮ್ಯಾಲಿನೋರು ಭತ್ತ ಹಚ್ಚಿ ತುಂಬಿಸಿಕೊಂಡು ಉಳಿದ್ರ ನಮಗ.

ಡ್ಯಾಂ 1953ರಾಗ ನೀರು ಹಿಡಿದಾಗ 133 ಟಿಎಂಸಿ ಹಿಡೀತಿತ್ತು, ಈಗ ಹೂಳು ತುಂಬಿ 105 ಚಿಲ್ರೆ. ಮೂಲ ಯೋಜನ್ಯಾಗ ಭತ್ತಕ್ಕ ಇದ್ದ ಜಾಗ ಸ್ವಲ್ಪ, ಬಾಕಿ ಎಲ್ಲ ಜೋಳ, ಹತ್ತಿ, ಶೇಂಗಾದಂಥ ಕಡಿಮಿ ನೀರಿನ ಬೆಳಿಗೆ. ಅದನ್ನ ಯಾರೂ ಪಾಲಿಸಲಿಲ್ಲ, ನಾವೂ ಭತ್ತದ ಆಸಿಗೆ ಬಿದ್ವಿ. ಬಿದ್ದ ಮ್ಯಾಲ ಅರ್ಧ ಊರಿನ ಹೊಲ ಉಪ್ಪೇರಿ ಸವಳು ಆತು. ಬೆಳಿಗ್ಗೆ ಹೋಗಿ ನೋಡಿದ್ರ ಸುಣ್ಣ ಬಳದಂಗ ಬೆಳ್ಳಗ ಕಾಣ್ತದ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿ ಹೋತಲ್ಲ, ಆ ವಾರ ನಮ್ಮ ಊರಾಗ ಯಾರೂ ನಿದ್ದಿ ಮಾಡಿಲ್ಲ. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರು ಬಂದು ಹರಿಯೋ ನೀರಾಗೇ ಸ್ಟಾಪ್‌ಲಾಗ್ (ತಾತ್ಕಾಲಿಕ ಗೇಟ್) ಇಳಿಸಿದಾಗ ಗುಡಿಯಾಗ ಕಾಯಿ ಒಡೆಸಿದ್ವಿ. ಪುಣ್ಯಕ್ಕ ಮತ್ತ ಮಳಿ ಬಂದು ತುಂಬಿತು. 2025ರಾಗ ಗೇಟ್ ಗಟ್ಟಿ ಇಲ್ಲ ಅಂತ 80 ಟಿಎಂಸಿಗೇ ನಿಲ್ಲಿಸಿದ್ರು, ಗೇಟ್ ಬದಲಿಸೋ ಕೆಲಸಕ್ಕ ಎರಡನೇ ಬೆಳಿಗೆ ನೀರು ಬಿಡಲಿಲ್ಲ. ಆ ಹಿಂಗಾರಿಗೆ ನಾನು ಭತ್ತದ ಗದ್ದಿಯೊಳಗ ಉಳಿದ ಹಸಿಗೇ ಕಡ್ಲಿ ಬಿತ್ತಿದೆ, ಜೆಜಿ-11 ತಳಿ. ಇಳುವರಿ ದೊಡ್ಡದಲ್ಲ, ಆದ್ರ ಸಾಲ ಇಲ್ಲದ ಬೆಳಿ ಅದು. ಡ್ಯಾಂ ನಂಬಿದೋರಿಗೂ ಈಗ ನಿಮ್ಮ ಒಣಬೇಸಾಯದ ಪಾಠ ಬೇಕಾಗ್ಯದ ಅಣ್ಣಾ.

ಭತ್ತ_ಸಿರುಗುಪ್ಪ
ಮಾನ್ವಿ ಅಣ್ಣ ಹೇಳಿದ್ದು ಖರೆ. ನಾವು ನಾಟಿ ಬಿಟ್ಟು ಕೂರಿಗೆಯಲ್ಲಿ ಭತ್ತ ಬಿತ್ತಕ್ಕೆ ಶುರು ಮಾಡಿ ನಾಲ್ಕು ವರ್ಷ. ಕೆಸರು ಮಾಡೋ ನೀರು ಉಳೀತು, ನಾಟಿ ಕೂಲಿ ಉಳೀತು, ಕಳೆ ಮಾತ್ರ ಜಾಸ್ತಿ. ಮೆಣಸಿನಕಾಯಿ ಮಾತು ಬೇಡ, 2021ರ ಕಪ್ಪು ಥ್ರಿಪ್ಸ್ ಕೀಟ ಹೂವೆಲ್ಲ ತಿಂದು ಹಾಕಿದ್ದು ಇನ್ನೂ ಕಣ್ಣ ಮುಂದೆ ಇದೆ.

ಬೀಜದಕ್ಕ_ಲಿಂಗಸುಗೂರು
ತಮ್ಮಾ ಯಲಬುರ್ಗಾ, ನೀರಿನ ಲೆಕ್ಕ ಎಲ್ಲಾರೂ ಹೇಳಿದ್ರು. ಏನು ಬಿತ್ತಬೇಕು ಅಂತ ಯಾರೂ ಹೇಳಲಿಲ್ಲ, ಅದಕ್ಕ ಬರೀತೀನಿ.

ನಮ್ಮದು ಐದು ಎಕರೆ. ನಮ್ಮನಿಯವರು ತೊಗರಿ ಒಂದೇ ಹಾಕೂಣು ಅಂತಿದ್ರು, ರೇಟ್ ಬಂದಿತ್ತಲ್ಲ. ಎರಡು ವರ್ಷ ಹಂಗೇ ಮಾಡಿದ್ವಿ. ಮೂರನೇ ವರ್ಷ ಗೊಡ್ಡುರೋಗ, ನೆಟಿ ರೋಗ ಎರಡೂ ಬಂದು ಹೊಲ ಬರೇ ಕಟಿಗಿ ಆತು. ಮನ್ಯಾಗ ಜೋಳ ಇಲ್ಲ, ಕಣಕಿ ಇಲ್ಲ, ಎರಡು ಎತ್ತು ಮಾರಿದ್ವಿ. ಅವನ್ನ ಹಗ್ಗ ಬಿಚ್ಚಿ ಕೊಡೂ ಹೊತ್ತಿಗೆ ನಾನು ಒಳಗ ಹೋಗಿ ಬಾಗಿಲ ಹಾಕ್ಕೊಂಡೆ.

ಆಮ್ಯಾಲ ಅತ್ತಿ ಮಾಡ್ತಿದ್ದ ಅಕ್ಕಡಿಗೆ (ಒಂದೇ ಹೊಲದಾಗ ಹಲವು ಬೆಳಿ) ಹೊಳ್ಳಿ ಬಂದೀವಿ. ಮಸಾರ್ಯಾಗ ಸಜ್ಜಿ ಹಾಕಿದ್ರ ನಾಕು ಸಾಲಿಗೆ ಒಂದು ತೊಗರಿ, ನಡುನಡುವ ಮಡಕಿ ಕಾಳು, ಅಲಸಂದಿ. ಸಜ್ಜಿ ಎಂಬತ್ತು ದಿನದಾಗ ಕೈಗೆ ಬರ್ತದ, ಮಳಿ ಮುಂದ ಹೋದ್ರ ತೊಗರಿ ಹಿಡೀತದ, ಎರಡೂ ಕೈಕೊಟ್ರ ಮಡಕಿ ಬಳ್ಳಿ ದನಕ್ಕ. ಎರ್ಯಾಗ ಬಿಳಿಜೋಳದ ನಡುವ ಕುಸುಬಿ ಸಾಲು. ಕುಸುಬಿ ಬೇರು ಜೋಳಕ್ಕಿಂತ ಆಳ ಇಳೀತದ, ಮ್ಯಾಲ ಹಸಿ ಆರಿದ್ರೂ ಅದು ಕೆಳಗಿಂದ ಕುಡೀತದ. ಅದರ ಮುಳ್ಳಿಗೆ ಕಳ್ಳ ದನ ಒಳಗ ಬರಂಗಿಲ್ಲ, ಎಣ್ಣಿ ಮನಿಗಾಗ್ತದ. ಎಳ್ಳ ಅಮವಾಸ್ಯಿಗೆ ಚರಗ ಚೆಲ್ಲಾಕ ಹೋದಾಗ ಹೊಲದಾಗ ಆರು ತರದ ಬೆಳಿ ನಿಂತಿದ್ವು, ನಮ್ಮ ಅತ್ತಿ ಎಣಿಸಿ ಹೇಳಿದ್ರು.

ಬೀಜ ನಾನೇ ಇಡ್ತೀನಿ. ದೊಡ್ಡ ತೆನಿ ಆರಿಸಿ, ನೆರಳಾಗ ಒಣಗಿಸಿ, ಬೂದಿ, ಬೇವಿನ ಎಲಿ ಹಾಕಿ ಗಡಿಗ್ಯಾಗ ತುಂಬಿ ಬಾಯಿಗೆ ಸಗಣಿ ಮೆತ್ತತೀನಿ. ಎರಡನೇ ಬಿತ್ತಿಗಿ ಮಾಡೂ ಪ್ರಸಂಗ ಬಂದ್ರ ಅಂಗಡಿ ಮುಂದ ನಿಲ್ಲೂದು ಬ್ಯಾಡ. ಈಗ ಅದು ಭಾಳ ದೊಡ್ಡ ಮಾತು, ಯಾಕಂದ್ರ ಮೊದಲ ಬಿತ್ತಿಗಿ ನಾಟೋದು ಎರಡು ವರ್ಷಕ್ಕೊಮ್ಮೆ.

ಒಂದು ಎಚ್ಚರಿಕಿ. ವಿಮೆ ತುಂಬಿದ್ರ ಬೆಳೆ ಸಮೀಕ್ಷೆ ಫೋಟೋ ತೆಗಿಯೂ ಹೊತ್ತಿಗೆ ನೀನೇ ಹೊಲದಾಗ ನಿಂತಿರು. ನಮ್ಮ ಅಕ್ಕಡಿ ಹೊಲ ನೋಡಿ ಬಂದ ಹುಡುಗ ತೊಗರಿ ಅಂತ ಅಷ್ಟೇ ಬರಕೊಂಡು ಹೋದ, ನಾವು ಸಜ್ಜಿಗೆ ತುಂಬಿದ್ವಿ. ಸಜ್ಜಿ ಹೋದ ವರ್ಷ ಒಂದು ರೂಪಾಯಿ ಬರಲಿಲ್ಲ. ಕಚೇರಿಗೆ ನಾಕು ಸಲ ಅಲದಾಡಿದೆ, ದಾಖಲಿ ಹೊಂದಂಗಿಲ್ಲ ಅಂದ್ರು. ಒಂದೇ ಬೆಳಿ ಹಾಕಿ ಕಳಕೊಂಡೋರಿಗೆ ವಿಮೆ ಅದ, ನಾಕು ಬೆಳಿ ಹಾಕಿ ತಾನೇ ತನ್ನ ಉಳಿಸಿಕೊಂಡಾಕಿಗೆ ಇಲ್ಲ. ಇದು ನನಗ ಇವತ್ತಿಗೂ ನುಂಗಾಕ ಆಗಂಗಿಲ್ಲ.

ದೇವದುರ್ಗದವ_ಬೆಂಗಳೂರಾಗ
ಅಕ್ಕಾರು ಎತ್ತು ಮಾರಿದ್ದು ಓದಿ ನನಗ ಸುಮ್ನಿರಾಕ ಆಗಲಿಲ್ಲ. ನಾನು ಗುಳೆ ಬಂದವ. ಹನ್ನೊಂದು ವರ್ಷ ಆತು, ಇಲ್ಲಿ ಕಟ್ಟಡದಾಗ ಸೆಂಟ್ರಿಂಗ್ ಕೆಲಸ. ಗುಳೆ ಹೋಗೋದು ಸೋಲು ಅಂತ ಮಾತಾಡ್ತಾರ. ನಮ್ಮ ಹೊಲದ ಒಡ್ಡು ಹಾಕಿಸಿದ್ದು ಗುಳೆ ರೊಕ್ಕದಾಗ. ಅಪ್ಪಗ ಬ್ಯಾಂಕು ಕೊಡದ ರೊಕ್ಕ ನಾನು ಇಲ್ಲಿಂದ ತಿಂಗಳಾ ಕಳಿಸಿ, ಮೂರು ಬೇಸಿಗಿ ಹಿಡದು ಒಂದೊಂದೇ ಒಡ್ಡು ಮಾಡಿದ್ವಿ. ಈಗ ಅಪ್ಪ ಅವ್ವ ಇಬ್ಬರೂ ಊರಾಗೇ ಇದ್ದಾರ, ಗುಳೆ ಬರೋದು ಬಿಟ್ಟಾರ.

ಆದ್ರ ಲೆಕ್ಕ ಪೂರಾ ಹೇಳ್ಬೇಕಲ್ಲ. ನನ್ನ ಮಗಳು ಮೂರನೇ ಇಯತ್ತೆ ಎರಡು ಸಲ ಕಲಿತಾಳ, ಒಂದು ಊರಾಗ, ಒಂದು ಇಲ್ಲಿ ಟೆಂಟ್ ಸಾಲ್ಯಾಗ. ದೀಪಾವಳಿ ಆದ ಮ್ಯಾಲ ಬಸ್ ಸ್ಟ್ಯಾಂಡಿನಾಗ ಗಂಟು ಮೂಟಿ ಇಟ್ಕೊಂಡು ಕೂತ ಮಕ್ಕಳನ್ನ ನೋಡಿದ್ರ ನನಗ ಆಕಿನ ನೆನಪಾಗ್ತಾಳ. ಯಲಬುರ್ಗಾ ಅಣ್ಣಾ, ನಿಮ್ಮ ತಮ್ಮ ಎರಡು ಲಕ್ಷ ಬಡ್ಡಿಗೆ ತಂದು ಬೋರ್ ಒಣಗಿದ್ರ ಅವನೂ ಮಕ್ಕಳನ್ನ ಕಟ್ಕೊಂಡು ಇಲ್ಲಿಗೇ ಬರ್ತಾನ. ಅದನ್ನ ಅವನಿಗೆ ಓದಿ ಹೇಳ್ರಿ.

ಎರಿಹೊಲ_ಯಲಬುರ್ಗಾ
ಎಲ್ಲಾ ಓದಿದ್ವಿ. ರಾತ್ರಿ ಊಟ ಆದಮ್ಯಾಲೆ ತಮ್ಮ, ಅವ್ವ, ಇಬ್ಬರು ಹೆಣ್ಮಕ್ಕಳು ಎಲ್ಲಾರೂ ಕುಂತಾಗ ಜೋರಾಗಿ ಓದಿದೆ. ದೇವದುರ್ಗದ ಅಣ್ಣಂದು ಓದಿದಾಗ ತಮ್ಮ ಎದ್ದು ಹೊರಗ ಹೋದ. ಬೆಳಿಗ್ಗೆ ಅವನೇ ಬಂದು ಕೈಗಡದೋರಿಗೆ ಬ್ಯಾಡಂತ ಹೇಳಿ ಬಂದೀನಿ ಅಂದ.

ಇನ್ನೊಂದು ಕೇಳೋದೈತಿ. ಮಸಾರಿ ಮೂರು ಎಕರೆದಾಗ ಒಂದು ಎಕರೆ ಗರಸು (ಹರಳು ಕೂಡಿದ ನೆಲ), ಗಟ್ಟಿ. ಮಳಿ ಬಿದ್ರ ಮ್ಯಾಲೆ ತೊಗಲು ಕಟ್ಟಿದಂಗ ಆಗಿ ನೀರು ಒಳಗ ಇಳ್ಯಂಗಿಲ್ಲ. ಅಲ್ಲೇನು ಮಾಡ್ಬೇಕು ರಾಯಚೂರು ಸರ್?

ಕೃಷಿ_ರಾಯಚೂರು
ಅಂಥ ನೆಲಕ್ಕೆ ಆಫ್ರಿಕಾದ ಬುರ್ಕಿನಾ ಫಾಸೋ ದೇಶದ ರೈತರು ಮಾಡಿದ್ದು ಕೇಳಿ. ಅವರೂ ಬೆಳೆಯುವುದು ಸಜ್ಜೆ, ಜೋಳ. ಯಾಕೂಬಾ ಸವಾಡೋಗೊ ಎಂಬ ರೈತ 1980ರ ಸುಮಾರಿಗೆ, ದೊಡ್ಡ ಬರದ ಕಾಲದಲ್ಲಿ, ತಮ್ಮ ಹಿರಿಯರ ಗುಣಿ ಪದ್ಧತಿಯನ್ನೇ ಎತ್ತಿಕೊಂಡರು. ಬೇಸಿಗೆಯಲ್ಲೇ ಒಂದು ಗೇಣು ಅಗಲದ ಗುಣಿ ತೋಡಿ ಒಂದೊಂದು ಹಿಡಿ ಗೊಬ್ಬರ ಹಾಕಿ ಬಿಡುವುದು. ಗೊಬ್ಬರಕ್ಕೆ ಗೆದ್ದಲು ಬಂದು ನೆಲದೊಳಗೆ ತೂತು ಕೊರೆಯುತ್ತದೆ, ಮೊದಲ ಮಳೆಗೆ ನೀರು ಆ ತೂತಿನಲ್ಲಿ ಇಳಿಯುತ್ತದೆ. ಆಮೇಲೆ ಗುಣಿಯಲ್ಲೇ ಬೀಜ. ಊರವರು ಮೊದಲು ಅವರಿಗೆ ಹುಚ್ಚು ಎಂದರು. ಅವರ ಬರಡು ನೆಲದಲ್ಲಿ ಕಡೆಗೆ ಕಾಡೇ ಬೆಳೆಯಿತು. 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, 2023ರಲ್ಲಿ ತೀರಿಕೊಂಡರು.

ಕೆಲಸ ಬಹಳ, ಕೈ ನೋಯುತ್ತದೆ. ಮೊದಲ ವರ್ಷ ಹತ್ತು ಗುಂಟೆ ಮಾತ್ರ ಮಾಡಿ. ಗೆದ್ದಲು ಬೆಳೆಗೂ ಬೀಳುತ್ತದೋ ನೋಡಿಕೊಂಡು ಮುಂದಿನದು.

ದಾಳಿಂಬ್ರಿ_ಕುಷ್ಟಗಿ
ಊರಿನ ಕೆರಿ ಮಾತೂ ಇರ್ಲಿ. ನಮ್ಮ ತಾಲ್ಲೂಕಿನ ನಿಡಶೇಸಿ ಕೆರಿ ಹೂಳು ಜನಾನ ತೆಗೆದ್ರು. 2019ರಾಗ ಗವಿಮಠದ ಸ್ವಾಮಿಗಳು ಮುಂದ ನಿಂತು ಕೊಪ್ಪಳದ ಹಿರೇಹಳ್ಳ ಸ್ವಚ್ಛ ಮಾಡಿಸಿದಾಗ ನಾನೂ ಎರಡು ದಿನ ಹೋಗಿದ್ದೆ, ಜಾಲಿ ಕಂಟಿ ಕಡದು ಅಂಗೈ ಬೊಬ್ಬಿ ಎದ್ದಿದ್ವು. ಒಬ್ಬನ ಹೊಲದ ಒಡ್ಡಿನಿಂದ ಬಾವಿಗೆ ನೀರು ಬರಂಗಿಲ್ಲ. ಮ್ಯಾಲಿನ ಹೊಲದೋರ ಜೊತಿ ಮಾತಾಡ್ರಿ.

ಎರಿಹೊಲ_ಯಲಬುರ್ಗಾ
ಮಘಿ ಮಳಿ ಮುಗಿಯಾಕ ಬಂತು, ಸುದ್ದಿ ಹೇಳಿಬಿಡ್ತೀನಿ.

ಬೇಸಿಗ್ಯಾಗ ಜೆಸಿಬಿ ತಂದು ಮೂರು ಒಡ್ಡು ಹಾಕ್ಸಿದ್ವಿ, ಗಂಟೆಗೆ 1,300ರಂತೆ ಹನ್ನೊಂದು ತಾಸು. ಕೋಡಿ ಕಲ್ಲು ಮುತ್ಯಾನ ಕಾಲದ್ದ, ಹೊಲದಾಗೇ ಹೂತು ಬಿದ್ದಿದ್ವು, ನಾನು ತಮ್ಮ ಹಾರಿಲೆ ಎಬ್ಬಿಸಿ ಕಟ್ಟಿದ್ವಿ. ಹೊಂಡಕ್ಕ ಅರ್ಜಿ ಹಾಕೀವಿ, ಇನ್ನೂ ಆಗಿಲ್ಲ. ಹಳೇ ಬೋರಿಗೆ ಗುಂಡಿ ತೋಡಿ ಜಲ್ಲಿ ತುಂಬೀವಿ. ಮ್ಯಾಲಿನ ಹೊಲದ ಕಾಕಾರು ಮೊದಲು ಒಪ್ಪಲಿಲ್ಲ, ತಮ್ಮ ಹೊಲದಾಗ ನೀರು ನಿಲ್ತೈತಿ ಅಂದ್ರು. ಕೋಡಿ ಎತ್ತರ ಅಳದು ತೋರಿಸಿದ ಮ್ಯಾಲೆ ಸುಮ್ಮನಾದ್ರು.

ಗರಸಿನಾಗ ಹತ್ತು ಗುಂಟೆಗೆ ಗುಣಿ ತೋಡಿದ್ವಿ. ಎಂಟು ದಿನ ಹಿಡೀತು, ಹೆಣ್ಮಕ್ಕಳೇ ಹೆಚ್ಚು ಮಾಡಿದ್ರು. ಮಿರಗ ಒಂದು ಬಿತ್ತು, ಆರಿದ್ರಾ ಕೈಕೊಟ್ಟಿತು. ಇಪ್ಪತ್ತೆರಡು ದಿನ ಹನಿ ಇಲ್ಲ. ಕೂರಿಗಿಲೆ ಬಿತ್ತಿದ ಸಜ್ಜಿ ಮಧ್ಯಾಹ್ನಕ್ಕ ಎಲಿ ಸುತ್ಕೊಂಡು ನಿಲ್ತಿತ್ತು, ಗುಣ್ಯಾಗಿಂದು ಸಂಜಿ ತನಕ ತಡೀತಿತ್ತು. ಗೆದ್ದಲು ಒಂದೆರಡು ಕಡೆ ಹಚ್ಚೈತಿ, ಖರೆ ಹೇಳ್ಬೇಕು.

ಹೋದ ಸೋಮವಾರ ರಾತ್ರಿ ಮಘಿ ಸುರೀತು. ತಾಸೊತ್ತು, ಕಣ್ಣು ಬಿಡಾಕ ಆಗದಂಥ ಮಳಿ. ನಸುಕಿನ್ಯಾಗ ನಾವು ಏಳೋದ್ರಾಗ ಅವ್ವ ಹೊಲದಾಗಿದ್ಲು. ಚೌಕು ಮಡ್ಯಾಗೆಲ್ಲ ನೀರು ನಿಂತು ಮುಗಿಲು ಕಾಣ್ತಿತ್ತು. ಮೊದಲಿನ ವರ್ಷ ಇಂಥ ಮಳಿಗೆ ಹಳ್ಳಕ್ಕ ಕೆಂಪು ರಾಡಿ ಹೋಗ್ತಿತ್ತು, ಈ ಸಲ ಕೋಡಿ ಮ್ಯಾಲಿಂದ ತಿಳಿ ನೀರು ಸಣ್ಣಗ ಇಳೀತಿತ್ತು. ನಡೂ ಒಡ್ಡಿಗೆ ಇಲಿ ಬಿಲದಾಗಿಂದ ನೀರು ಜಿನುಗುತ್ತಿದ್ದದ್ದನ್ನ ಅವ್ವ ನೋಡಿ, ಸೆರಗು ಸೊಂಟಕ್ಕ ಸಿಗಿಸ್ಕೊಂಡು ಕಾಲಿಲೆ ಮಣ್ಣು ತುಳೀತಿದ್ಲು. ತಮ್ಮ ಓಡಿ ಹೋಗಿ ಸಲಿಕಿ ಹಚ್ಚಿದ. ನಾಲ್ಕು ದಿನ ಆದಮ್ಯಾಲೆ ಎರ್ಯಾಗ ಒಂದು ಮೊಳ ಅಗದು ಮಣ್ಣು ಹಿಡದು ನೋಡಿದೆ, ಮುಷ್ಟಿ ಕಟ್ಟಿದ್ರ ಉಂಡಿ ಆಗ್ತೈತಿ, ಒಡ್ಯಂಗಿಲ್ಲ.

ಲಿಂಗಸುಗೂರು ಅಕ್ಕಾರ, ಹಸ್ತಕ್ಕ ಜೋಳ ಬಿತ್ತಬೇಕಂತ ಮಾಡೀವಿ. ಸಾಲಿಗೆ ಹಾಕಾಕ ಕುಸುಬಿ ಬೀಜ ಈ ಕಡೆ ಎಲ್ಲೂ ಸಿಗವಲ್ದು. ನಿಮ್ಮ ಗಡಿಗ್ಯಾಗ ಉಳದಿದ್ರ ಒಂದು ನಾಲ್ಕು ಸೇರು ಕೊಡ್ತೀರೇನ್ರಿ? ಬದಲಿಗೆ ನಮ್ಮ ಮಡಕಿ ಬೀಜ ಕೊಡ್ತೀನಿ.

ಬೀಜದಕ್ಕ_ಲಿಂಗಸುಗೂರು
ಅದ ತಮ್ಮಾ. ಮಡಕಿ ತಗೊಂಬಾ, ನಮ್ಮದು ಈ ಸಲ ನುಸಿ ಹಿಡದು ಹೋಗ್ಯದ. ಶನಿವಾರ ಕುಷ್ಟಗಿಗೆ ನಮ್ಮ ಮಗ ಬರ್ತಾನ, ಬಸ್ ಸ್ಟ್ಯಾಂಡಿನ ಹತ್ರ ನಿಂದ್ರು, ಕೊಟ್ಟು ಕಳಿಸ್ತೀನಿ. ಒಡ್ಡಿನ ಇಲಿ ಬಿಲಕ್ಕ ಬರೇ ಮಣ್ಣು ಸಾಲಂಗಿಲ್ಲ, ಸಣ್ಣ ಹರಳು ಕೂಡಿಸಿ ಜಡಿ.